ಆಸ್ಪತ್ರೆಯ ಭಾಷಾ ಸಹಾಯ ಕೌಂಟರ್: ಹಗಲು ತುಂಬಾ ಚೆನ್ನಾಗಿದೆ, ರಾತ್ರಿ ಯಾರೂ ಇಲ್ಲ

ಮಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಓಪಿಡಿ ಚೀಟಿ ಮಾಡಿಸುವಲ್ಲೇ ಭಾಷಾ ಸಹಾಯದ ಕೌಂಟರ್ ಇದೆ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಬಲ್ಲವರು ಇರುತ್ತಾರೆ. ಕೇಳಿದರೆ ಡಾಕ್ಟರ ಕೋಣೆಗೆ ಜೊತೆಗೇ ಬರುತ್ತಾರೆ. ದುಡ್ಡು ಕೊಡಬೇಕಾಗಿಲ್ಲ.

ನಮ್ಮೂರಿಗೆ ಇದು ಬೇಕೇ ಬೇಕು. ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ದೇಶದ ಎಲ್ಲ ಕಡೆಯಿಂದ ಓದಲು ಬರುತ್ತಾರೆ, ಕಾಸರಗೋಡಿನ ಕಡೆಯಿಂದ ರೋಗಿಗಳು ಬರುತ್ತಾರೆ, ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಬೋಟಿನ ಕೆಲಸಕ್ಕೆ ಹೊರರಾಜ್ಯದ ಹುಡುಗರಿದ್ದಾರೆ. 2019ರ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಮಕ್ಕಳಿಗೆ ಶುರುವಿನಲ್ಲೇ ಸ್ಥಳೀಯ ಭಾಷೆ ಕಲಿಸುವುದು ಸೇರಿತು, ಒಳ್ಳೆಯದೇ. ಆದರೆ ನಮ್ಮ ದೊಡ್ಡಮ್ಮನಿಗೆ ಕನ್ನಡ ಅರ್ಥವಾಗುತ್ತದೆ ಅಷ್ಟೇ, ಕಷ್ಟ ಹೇಳಿಕೊಳ್ಳುವುದೆಲ್ಲ ತುಳುವಿನಲ್ಲೇ.

ದೊಡ್ಡಮ್ಮನಿಗೆ ಬಿಪಿ ಎಷ್ಟು ಮಾತ್ರೆ ಕೊಟ್ಟರೂ ಇಳಿಯುತ್ತಿರಲಿಲ್ಲ. ಯಾವಾಗಲೂ ಜೊತೆಗೆ ಹೋಗುತ್ತಿದ್ದದ್ದು ಅವರ ಮಗ, ಅಣ್ಣನೇ ಎಲ್ಲ ಹೇಳುತ್ತಿದ್ದ. ಈ ಸಲ ಕೌಂಟರಿನಿಂದ ಬಂದ ಅಕ್ಕ ಮೊದಲು ಮಾಡಿದ ಕೆಲಸ ಅಂದರೆ, ದೊಡ್ಡಮ್ಮನ ಒಪ್ಪಿಗೆ ಕೇಳಿ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿದ್ದು. ಆಮೇಲೆ ದೊಡ್ಡಮ್ಮ ತಾವಾಗಿಯೇ ನನಗೆ ಹೇಳಿದರು: ಬಿಪಿ ಮಾತ್ರೆಗಳಲ್ಲಿ ಒಂದು ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇತ್ತಂತೆ, ಮೊದಲೇ ಮೂತ್ರ ಸೋರುವ ತೊಂದರೆ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಮಾನ ಹೋಗುತ್ತದೆ ಅಂತ ಅದನ್ನು ಸುಮ್ನೆ ನಿಲ್ಲಿಸಿಬಿಟ್ಟಿದ್ದರಂತೆ. ಮಗನ ಎದುರು ಯಾವ ಹೆಂಗಸು ಇದನ್ನು ಹೇಳುತ್ತಾಳೆ ಹೇಳಿ? ಡಾಕ್ಟರು ಹೊಸ ಮಾತ್ರೆ ಸೇರಿಸಲಿಲ್ಲ. ಹಳೆಯದನ್ನೇ ಬದಲಿಸಿದರು, ಸೋರುವುದಕ್ಕೆ ಬೇರೆ ಚಿಕಿತ್ಸೆ ಬರೆದರು.

ಆ ಅಕ್ಕ ಮಾತನ್ನು ಮೊಟಕು ಮಾಡುವುದಿಲ್ಲ. ಡಾಕ್ಟರು ಹೇಳಿದ್ದನ್ನು ಇದ್ದ ಹಾಗೇ ಪೂರ್ತಿ ಹೇಳುತ್ತಾರೆ, ತಮ್ಮ ಸಲಹೆ ಸೇರಿಸುವುದಿಲ್ಲ. ನಾವು ಮನೆಯವರು ಹಾಗೆ ಮಾಡುತ್ತೇವಾ? ಅವರು ಐದು ನಿಮಿಷ ಹೇಳಿದ್ದನ್ನು 'ಏನಿಲ್ಲ, ಮಾತ್ರೆ ತಗೊಳ್ಳಬೇಕಂತೆ' ಅಂತ ಮುಗಿಸುತ್ತೇವೆ. ಹೊರಡುವ ಮುಂಚೆ ಯಾವ ಮಾತ್ರೆ ಯಾವಾಗ ಅಂತ ದೊಡ್ಡಮ್ಮನ ಬಾಯಲ್ಲೇ ಹೇಳಿಸಿದರು, ತಪ್ಪಿದ್ದನ್ನು ಮತ್ತೆ ಹೇಳಿಕೊಟ್ಟರು. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳು ಸೇರಿದೆ, ಖುಷಿಯ ವಿಷಯ. ಆದರೆ ಓದಲು ಬಾರದ ಹಿರಿಯರಿಗೆ ಫೋನ್ ಹಿಡಿದು ತೋರಿಸಿ ಏನು ಪ್ರಯೋಜನ?

ಬೇಜಾರಿನ ವಿಷಯ ಒಂದಿದೆ. ಕೌಂಟರ್ ಸಂಜೆಗೆ ಮುಚ್ಚುತ್ತದೆ. ಆಮೇಲೆ ದೊಡ್ಡಮ್ಮ ಅಲ್ಲೇ ಅಡ್ಮಿಟ್ ಆಗಿದ್ದಾಗ ರಾತ್ರಿ ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರ ಸಂಬಂಧಿಯನ್ನು ಕರೆದು ನಡುವೆ ಮಾತಾಡಿಸಿದರು, ಅವರ ಎದುರೇ ಎಲ್ಲವನ್ನೂ ಕೇಳಿದರು. ನರ್ಸಮ್ಮನ ತಪ್ಪಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಇದು ಸರಿಯಲ್ಲ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೂ ಹೀಗೇ ಆದರೆ? ಕಾಯಿಲೆಯ ವಿವರವನ್ನು ರೋಗಿಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸಬೇಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ರಾತ್ರಿ ಫೋನಿನಲ್ಲಾದರೂ ಒಬ್ಬರು ಸಿಗುವ ವ್ಯವಸ್ಥೆ ಮಾಡಬಹುದಲ್ವಾ? ಡಿಸ್ಚಾರ್ಜ್ ಪತ್ರವೂ ಪೂರ್ತಿ ಇಂಗ್ಲಿಷಿನಲ್ಲೇ ಬಂತು.

ಹೋಗುವವರು ಬೆಳಿಗ್ಗೆಯೇ ಹೋಗಿ. ಚೀಟಿ ಮಾಡಿಸುವಾಗಲೇ ಯಾವ ಭಾಷೆ ಬೇಕು ಅಂತ ಹೇಳಿ ಫೈಲಿನ ಮೇಲೆ ಬರೆಸಿಕೊಳ್ಳಿ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಹೆಂಗಸರಿಗೆ ಹೆಂಗಸರೇ ಬೇಕು ಅಂದರೂ ಕಳಿಸುತ್ತಾರೆ.