ಇರುವೆಗೂಡಿಗೆ ಅಕ್ರಿಲಿಕ್, ಪಿಒಪಿ, ಬ್ಲಾಕ್: ವಿಜಯಪುರದ ಬಿಸಿಲಿಗೆ ತಡೆದದ್ದು ಯಾವುದು?

ನಾನು ಮನೆಯಲ್ಲಿ ಇರುವೆ ಸಾಕುತ್ತೇನೆ. ಅವಕ್ಕೆ ಗೂಡು ಯಾವುದರಿಂದ ಮಾಡಬೇಕು ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಎಸಿ ಬ್ಲಾಕಿಗೆ. ಮನೆ ಕಟ್ಟಿದ ಮೇಲೆ ಉಳಿದ ತುಂಡುಗಳು ಬೀದಿ ಬದಿಗೆ ಬಿದ್ದಿರುತ್ತವಲ್ಲ, ಬೂದು ಬಣ್ಣದ ಹಗುರ ಇಟ್ಟಿಗೆ, ಅದೇ. ಅಷ್ಟು ತಿಳಿಯುವ ಹೊತ್ತಿಗೆ 1,850 ರೂಪಾಯಿ ಹೋಗಿತ್ತು, ಅವ್ವನ ಬೈಗುಳ ಬೇರೆ.

ಹೋದ ವರ್ಷ ಮಿರಗದ ಮಳೆ ಬಿದ್ದ ಸಂಜೆ ನಮ್ಮ ಓಣಿಯ ದೀಪದ ಕಂಬದ ಕೆಳಗೆ ಒಂದು ರಾಣಿ ಇರುವೆ ಸಿಕ್ಕಿತು. ರೆಕ್ಕೆ ಉದುರಿಸಿಕೊಂಡು ಜಾಗ ಹುಡುಕುತ್ತಿತ್ತು. ಮರದ ಬುಡದಲ್ಲಿ ಗೂಡು ಮಾಡುವ ದೊಡ್ಡ ಕರಿ ಇರುವೆ, ಕ್ಯಾಂಪೊನೋಟಸ್ ಕಂಪ್ರೆಸಸ್. ಟೆಸ್ಟ್ ಟ್ಯೂಬಿನ ತಳಕ್ಕೆ ನೀರು, ಅದಕ್ಕೆ ಹತ್ತಿ ಒತ್ತಿ, ಈಚೆಗೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಕತ್ತಲಲ್ಲಿಟ್ಟು ಸುಮ್ನೆ ಬಿಡಬೇಕು. ಊಟ ಬೇಡ. ಮೈಯಲ್ಲಿರುವ ಕೊಬ್ಬು, ಹಾರಾಟ ಮುಗಿಸಿದ ರೆಕ್ಕೆಯ ಸ್ನಾಯು, ಇವನ್ನೇ ಕರಗಿಸಿಕೊಂಡು ಮೊದಲ ಮರಿಗಳನ್ನು ಸಾಕುತ್ತದೆ. ಈ ಹಂತಕ್ಕೆ ಟೆಸ್ಟ್ ಟ್ಯೂಬನ್ನು ಮೀರಿಸುವಂಥದ್ದು ಇಲ್ಲ. ತಲೆನೋವು ಶುರುವಾಗೋದು ಇರುವೆ ಮೂವತ್ತು ನಲವತ್ತಾಗಿ ಟ್ಯೂಬು ಸಾಲದೇ ಹೋದಾಗ.

ಆಗ ಆನ್‌ಲೈನಿನಲ್ಲಿ ರೆಡಿಮೇಡ್ ಅಕ್ರಿಲಿಕ್ ಗೂಡು, ಅಂದರೆ ಗಾಜಿನಂಥ ಪ್ಲಾಸ್ಟಿಕ್ಕಿನದು, ತರಿಸಿದೆ. ನೋಡೋಕೆ ಚಂದ, ಎಲ್ಲ ಕೋಣೆ ಕಾಣುತ್ತದೆ. ಆದರೆ ಅಕ್ರಿಲಿಕ್ ಒಂದು ಹನಿ ನೀರನ್ನೂ ಹೀರುವುದಿಲ್ಲ. ಒಳಗಿನ ಸ್ಪಂಜು ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಜಾಸ್ತಿ ಹಾಕಿದರೆ ಬೆಳಿಗ್ಗೆ ಗೋಡೆ ತುಂಬ ಹನಿ. ರಾಣಿ ಎರಡು ವಾರ ಟ್ಯೂಬು ಬಿಟ್ಟು ಬರಲೇ ಇಲ್ಲ. ಅದಕ್ಕೆ ನನಗಿಂತ ಬುದ್ಧಿ ಇತ್ತು ಅನ್ನಿ.

ಮುಂದಿನದು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಇದರ ಕಥೆ ಸ್ವಲ್ಪ ಉದ್ದ.

ಸೀಲಿಂಗ್ ಕೆಲಸದವರ ಹತ್ತಿರ ಒಂದು ಕಿಲೋ ಪುಡಿ ಇಸಿದುಕೊಂಡೆ. ಮಕ್ಕಳ ಕ್ಲೇಯಿಂದ ಕೋಣೆ, ದಾರಿಗಳ ಆಕಾರ ಮಾಡಿ ಡಬ್ಬಿಯ ತಳಕ್ಕೆ ಅಂಟಿಸಿದೆ. ಎರಡು ಪಾಲು ಪುಡಿ, ಒಂದು ಪಾಲು ನೀರು ಕಲಸಿ ಸುರಿದೆ. ಕೈಯಿಟ್ಟರೆ ಬೆಚ್ಚಗೆ, ಹತ್ತು ಹದಿನೈದು ನಿಮಿಷಕ್ಕೆ ಗಟ್ಟಿ. ನಾಲ್ಕು ದಿನ ಒಣಗಿಸಿ ಕ್ಲೇ ತೆಗೆದು ಮೇಲೆ ಗಾಜು ಇಟ್ಟಾಗ ಅರಮನೆ ಕಟ್ಟಿದಷ್ಟು ಹೆಮ್ಮೆ.

ಒಂದು ಮೂಲೆಗೆ ನೀರು ಹಾಕಿದರೆ ಸಂಜೆಯೊಳಗೆ ಇಡೀ ಹಲಗೆ ತೇವ. ಒಣ ಮೂಲೆ ಅನ್ನೋದೇ ಉಳಿಯಲಿಲ್ಲ. ಇರುವೆಗೆ ಎರಡೂ ಬೇಕು. ಮೊಟ್ಟೆ, ಮರಿಹುಳುಗಳನ್ನು ತೇವದ ಕಡೆ ಇಡುತ್ತವೆ. ರೇಷ್ಮೆ ಗೂಡಿನ ಹಾಗೆ ಸುತ್ತಿಕೊಂಡ ಕೋಶಗಳನ್ನು ಒಣ ಕಡೆಗೆ ಸಾಗಿಸುತ್ತವೆ. ನನ್ನ ಅರಮನೆಯಲ್ಲಿ ಪಾಪ, ಕೋಶ ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಅಲೆದದ್ದೇ ಅಲೆದದ್ದು. ಮೂರನೇ ವಾರಕ್ಕೆ ಕರಿ ಬೂಷ್ಟು ಬಂತು.

ಅದನ್ನೂ ಸಹಿಸಬಹುದಿತ್ತು. ಇರುವೆಗೆ ತಿನ್ನಲು ಇಡೋಕೆ ಗೂಡಿಗೆ ಪೈಪಿನಿಂದ ಒಂದು ಮೇವಿನ ಡಬ್ಬಿ ಕೂಡಿಸಿದ್ದೆ. ಒಂದು ದಿನ ಅದರಲ್ಲಿ ಬಿಳಿ ಪುಡಿಯ ಸಣ್ಣ ಗುಡ್ಡೆ ಕಂಡೆ. ಸಕ್ಕರೆ ಚೆಲ್ಲಿದ್ದೇನೆ ಅಂದುಕೊಂಡು ಒರೆಸಿದೆ. ಮರುದಿನ ಮತ್ತೆ. ಒದ್ದೆ ಪಿಒಪಿಯನ್ನು ಇರುವೆಗಳು ಹಲ್ಲಿನಿಂದ ಕೆರೆದು ಹೊರಗೆ ಎಸೆಯುತ್ತಿದ್ದವು! ಪೈಪ್ ಕೂಡಿಸಿದ ಜಾಗದ ಪಕ್ಕದಲ್ಲೇ ಸುರಂಗ ಮಾಡಿ ಹಿಂದಿನಿಂದ ಹೊರಬಿದ್ದವು. ಸಿಕ್ಕಿದ್ದು ಎಲ್ಲಿ? ಅವ್ವನ ಬೆಲ್ಲದ ಡಬ್ಬಿಯಲ್ಲಿ. "ಮಂದಿ ಇರಬಿ ಹೋಗ್ಲಿ ಅಂತ ಅರಿಶಿಣ ಹಾಕ್ತಾರ, ನೀ ರೊಕ್ಕಾ ಕೊಟ್ಟ ಸಾಕ್ತೀಯಲ್ಲೋ!" ಅಂದಳು. ಉತ್ತರ ಇರಲಿಲ್ಲ.

ತೂತಿಗೆ ಹೊಸ ಪಿಒಪಿ ಮೆತ್ತಿದೆ. ಬೆಸುಗೆಯ ಜಾಗ ಮೆತ್ತಗೆ, ಅಲ್ಲೇ ಮತ್ತೆ ಕೆರೆದವು. ಸರಿ, ನೀರೇ ಕಡಿಮೆ ಮಾಡೋಣ ಅಂದುಕೊಂಡೆ. ಅದು ಏಪ್ರಿಲ್. ನಮ್ಮೂರ ಏಪ್ರಿಲ್ ಗೊತ್ತಲ್ಲ, 40 ಡಿಗ್ರಿ ದಾಟಿದರೆ ಯಾರೂ ಮಾತಾಡುವುದೂ ಇಲ್ಲ. ನಾನು ವಾರದ ಕೊನೆಗೆ ಇಂಡಿ ಕಡೆ ನಿಂಬೆ ತೋಟಕ್ಕೆ ಹೋಗಿ ಎರಡು ಮೂರು ದಿನ ಇರುವವನು. ತಿರುಗಿ ಬಂದಾಗ ಗೂಡು ಸುಣ್ಣದ ಗೋಡೆಯ ಹಾಗೆ ಒಣಗಿತ್ತು, ಮರಿಹುಳು ಅರ್ಧಕ್ಕರ್ಧ ಸುಕ್ಕಾಗಿದ್ದವು. ಆವತ್ತೇ ಪಿಒಪಿಗೆ ಕೈ ಮುಗಿದೆ.

ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದರು. ಒಡೆದ ಬ್ಲಾಕ್ ಕೇಳಿದರೆ ಮೇಸ್ತ್ರಿ ನಕ್ಕು ಎರಡು ಕೊಟ್ಟ. ಸಿಮೆಂಟು, ಸುಣ್ಣ, ಹಾರುಬೂದಿಗೆ ಅಲ್ಯೂಮಿನಿಯಂ ಪುಡಿ ಸೇರಿಸಿದಾಗ ಹೈಡ್ರೋಜನ್ ಗುಳ್ಳೆ ಏಳುತ್ತವೆ. ಆ ಗುಳ್ಳೆಗಳಿಂದಲೇ ಇದು ಇಷ್ಟು ಹಗುರ. ಹ್ಯಾಕ್ಸಾದಿಂದ ಕೊಯ್ಯಬಹುದು, ಹಳೇ ಸ್ಕ್ರೂಡ್ರೈವರಿನಿಂದ ಕೋಣೆ ಕೆತ್ತಬಹುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬ್ಲಾಕ್ ಒದ್ದೆ ಮಾಡಿಕೊಂಡೇ ಕೆತ್ತಿ, ಆ ಧೂಳು ಕೆಟ್ಟದ್ದು. ಮುಖ ಸಮ ಆಗಲಿ ಅಂತ ಅಂಗಳದ ಫರಸಿ ಕಲ್ಲಿನ ಮೇಲೆ ಉಜ್ಜಿದೆ. ಕ್ಷಾರ ಹೋಗಲಿ ಅಂತ ಮೂರು ದಿನ ಬಕೆಟ್ಟಿನಲ್ಲಿ ಮುಳುಗಿಸಿ ದಿನಾ ನೀರು ಬದಲಿಸಿದೆ. ಆಮೇಲೆ ಒಣಗಿಸಿ ಗಾಜು ಇಟ್ಟು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಗಾಜಿಗೆ 40 ರೂಪಾಯಿ. ಖರ್ಚು ಅಷ್ಟೇ.

ಒಂದು ತುದಿಯಲ್ಲಿ ಗುಳಿ ತೋಡಿದ್ದೇನೆ, ಸಿರಿಂಜಿನಿಂದ ಅದಕ್ಕೆ ನೀರು. ತೇವ ಆ ತುದಿಯಿಂದ ಮೆಲ್ಲಗೆ ಹರಡುತ್ತದೆ, ಆಚೆ ತುದಿ ಒಣಗಿಯೇ ಇರುತ್ತದೆ. ಮೊದಲ ರಾತ್ರಿಯೇ ಮರಿಹುಳು ಗುಳಿಯ ಪಕ್ಕ, ಕೋಶ ದೂರದ ಕೋಣೆಗೆ ಹೋದವು. ತೋಟಕ್ಕೆ ಹೋಗುವ ಮುಂಚೆ ಗುಳಿ ತುಂಬಿದರೆ ಮೇ ತಿಂಗಳಲ್ಲೂ ಮೂರು ದಿನ ಚಿಂತೆ ಇರಲಿಲ್ಲ. ಕೆರೆಯುವ ಪ್ರಯತ್ನ ಮಾಡಿದವು, ಆಗಲಿಲ್ಲ. ಬೋರಿನ ನೀರು ಮಾತ್ರ ಹಾಕಬೇಡಿ, ಬಿಳಿ ಉಪ್ಪು ಕಟ್ಟಿ ಗಾಜು ಮಸುಕಾಗುತ್ತದೆ. ನಾನು ಶುದ್ಧ ನೀರಿನ ಘಟಕದ ಕ್ಯಾನಿನಿಂದಲೇ ಹಾಕುತ್ತೇನೆ.

ಗಾಜಿನ ಮೇಲೆ ಕೆಂಪು ಜಿಲೇಟಿನ್ ಹಾಳೆ. ಇರುವೆಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ, ಹಾಗಾಗಿ ಅವಕ್ಕೆ ಗೂಡು ಕತ್ತಲೇ, ನಮಗೆ ಮಾತ್ರ ಒಳಗೆ ಕಾಣುತ್ತದೆ. ಇರುವೆ ಸಾಕಿ ಅಭ್ಯಾಸ ಮಾಡಿದ ಇಂಗ್ಲೆಂಡಿನ ಜಾನ್ ಲಬಕ್ 19ನೇ ಶತಮಾನದಲ್ಲೇ ಬಣ್ಣದ ಗಾಜು ಇಟ್ಟು ಇದನ್ನು ನೋಡಿದ್ದ. ಅವನ ಹತ್ತಿರ ಒಂದು ರಾಣಿ ಸುಮಾರು 15 ವರ್ಷ ಬದುಕಿತ್ತಂತೆ. ನನ್ನದಕ್ಕೆ ಈಗಿನ್ನೂ ಒಂದು ವರ್ಷ.

ಬ್ಲಾಕಿನಲ್ಲಿ ಒಂದೇ ಕಡೆಯಿಂದ ನೋಡಬೇಕು, ಫೋಟೋಗೆ ಅಕ್ರಿಲಿಕ್ಕೇ ಚಂದ. ತಂಪು ಹವೆಯ ಬೆಳಗಾವಿಯಲ್ಲಿದ್ದು ದಿನಾ ಮನೆಯಲ್ಲೇ ಇರುವವರಿಗೆ ಅಕ್ರಿಲಿಕ್ ಸಾಗಬಹುದೇನೋ. ಪಿಒಪಿಯನ್ನು ಸಣ್ಣ ಇರುವೆಗೆ ಬೇಕಾದರೆ ನೋಡಿ, ಕರಿ ಇರುವೆಗೆ ಬೇಡವೇ ಬೇಡ.

ಆ ಅಕ್ರಿಲಿಕ್ ಗೂಡನ್ನು ನಾನೇನು ಎಸೆದಿಲ್ಲ. ಬ್ಲಾಕಿಗೆ ಪೈಪ್ ಹಾಕಿ ಮೇವಿನ ಡಬ್ಬಿ ಮಾಡಿದ್ದೇನೆ. ಅಂಚಿಗೆ ಟಾಲ್ಕಂ ಪುಡಿಯನ್ನು ಸ್ಯಾನಿಟೈಸರಿನಲ್ಲಿ ಕಲಸಿ ಹಚ್ಚಿದ್ದೇನೆ, ನಮ್ಮ ಒಣ ಹವೆಗೆ ಅದು ಚೆನ್ನಾಗಿ ಹಿಡಿಯುತ್ತದೆ, ಹತ್ತಿದ ಇರುವೆ ಜಾರಿ ಬೀಳುತ್ತದೆ. ಬೆಲ್ಲದ ನೀರು, ಸತ್ತ ಜಿರಳೆ ಅಲ್ಲೇ ಇಡುತ್ತೇನೆ. ಜಿರಳೆಗೆ 1,850 ರೂಪಾಯಿಯ ತಟ್ಟೆ.