ಬೈಗ್ವನೈಡ್ ಬಿಟ್ಟು ಹೈಪೋಗೆ: ಕಲಬುರಗಿಯ ನಮ್ಮ ಮನೆ ಪೂಲಿನ ಲೆಕ್ಕ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯಂಥ ಊರಲ್ಲಿ, ಬಯಲಲ್ಲಿ ಪೂಲ್ ಇದ್ದರೆ, ನೀರು ಶುದ್ಧ ಮಾಡಲು ಬೈಗ್ವನೈಡ್ ಅನ್ನುವ ಕ್ಲೋರಿನ್ ಇಲ್ಲದ ಔಷಧಿ ಬಿಟ್ಟು ಕ್ಲೋರಿನ್‌ಗೆ ಬರುವುದೇ ವಾಸಿ. ನೀರು ಖಾಲಿ ಮಾಡದೆಯೇ ಬರಬಹುದು. ಆದರೆ ತಾಜಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ದ್ರವ ರೂಪದ ಕ್ಲೋರಿನ್) ಬೇಕು, ಹನಿ ಎಣಿಸುವ ಟೆಸ್ಟ್ ಕಿಟ್ ಬೇಕು, ಕೊನೆಗೆ ಫಿಲ್ಟರಿಗೆ ಹೊಸ ಮರಳು ಬೇಕು. ಇವುಗಳಲ್ಲಿ ಒಂದನ್ನು ಬಿಟ್ಟರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನಮ್ಮ ಮನೆ ಸೇಡಂ ರಸ್ತೆ ಕಡೆ. ಹಿತ್ತಲಲ್ಲಿ 24 ಅಡಿ ಉದ್ದ, 12 ಅಡಿ ಅಗಲದ ಪೂಲ್. ಸರಾಸರಿ ನಾಲ್ಕೂವರೆ ಅಡಿ ಆಳ. ಸುಮಾರು 37 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಸುತ್ತ ಶಹಾಬಾದ್ ಕಲ್ಲು ಹಾಸಿದ್ದೇವೆ. ಇದನ್ನು ಕಟ್ಟಿಸಿದ್ದು ನಮ್ಮ ಅತ್ತೆಗಾಗಿ. ಮೊಣಕಾಲು ಸವೆದಿದೆ, ನೆಲದ ಮೇಲೆ ನಡೆಯುವುದಕ್ಕಿಂತ ನೀರಲ್ಲಿ ನಡೆದರೆ ನೋವು ಕಡಿಮೆ ಅಂತ ಡಾಕ್ಟರು ಹೇಳಿದ್ದರು. ಕ್ಲೋರಿನ್ ಅಂದರೆ ಅತ್ತೆಗೆ ಹೆದರಿಕೆ. ಕಣ್ಣು ಉರಿಯುತ್ತೆ, ಮೈ ತುರಿಸುತ್ತೆ ಅಂತ. ಪೂಲ್ ಕಟ್ಟಿದವರು ಆಗ ಬೈಗ್ವನೈಡ್ ಹಾಕಿಕೊಟ್ಟರು. ಡಬ್ಬಿಯ ಮೇಲೆ ಪಿಎಚ್‌ಎಂಬಿ ಅಂತ ಬರೆದಿರುತ್ತದೆ, ಎರಡೂ ಒಂದೇ.

ಅದರ ಒಳ್ಳೆಯ ಗುಣ ಮೊದಲು ಹೇಳಬೇಕು. ವಾಸನೆ ಇಲ್ಲ. ನೀರು ಚರ್ಮಕ್ಕೆ ಮೆತ್ತಗೆ ಅನಿಸುತ್ತದೆ. ಈಜುಡುಗೆಯ ಬಣ್ಣ ಹೋಗುವುದಿಲ್ಲ. ಬಿಸಿಲಿಗೆ ಒಡೆಯುವುದೂ ಇಲ್ಲ, ಆದ್ದರಿಂದ ದಿನಾ ಹಾಕಬೇಕಿಲ್ಲ. 30ರಿಂದ 50 ಪಿಪಿಎಂ (ಒಂದು ಲೀಟರ್ ನೀರಿಗೆ ಇಷ್ಟು ಮಿಲಿಗ್ರಾಂ) ನಡುವೆ ಇಟ್ಟುಕೊಂಡರೆ ಸಾಕು. ಅತ್ತೆ ಮೊದಲ ವರ್ಷ ತುಂಬಾ ಖುಷಿಯಾಗಿದ್ದರು.

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಹಾಗಾಗಿ ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತೊಂದರೆಯ ಬೇರು ಅಲ್ಲೇ ಇದೆ. ಪಿಎಚ್‌ಎಂಬಿ ಅಂದರೆ ಪ್ಲಸ್ ಚಾರ್ಜ್ ಇರುವ ಉದ್ದನೆಯ ಪಾಲಿಮರ್ ಸರಪಳಿ. ಬ್ಯಾಕ್ಟೀರಿಯಾದ ಹೊರಪದರಕ್ಕೆ ಅಂಟಿಕೊಂಡು ಅದನ್ನು ಒಡೆಯುತ್ತದೆ. ಆದರೆ ಕೊಳೆಯನ್ನು ಸುಡುವ, ಅಂದರೆ ಆಕ್ಸಿಡೈಸ್ ಮಾಡಿ ಒಡೆಯುವ ಶಕ್ತಿ ಅದಕ್ಕಿಲ್ಲ. ಬೆವರು, ಎಣ್ಣೆ, ಎಲೆಯ ಚೂರು ಎಲ್ಲ ನೀರಲ್ಲೇ ಉಳಿಯುತ್ತವೆ. ಅವನ್ನು ಸುಡಲು ಬೇರೆಯಾಗಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು. ಪಾಚಿಗೆ ಇನ್ನೊಂದು ಔಷಧಿ. ಅಲ್ಲಿಗೆ ಮೂರು ಕ್ಯಾನ್ ಆದವು. ನಮಗೆ ಮೂರೂ ಹೈದರಾಬಾದಿನಿಂದ ಬರಬೇಕಿತ್ತು.

ಇನ್ನು ನಮ್ಮೂರಿನ ಧೂಳು. ಬೇಸಿಗೆಯಲ್ಲಿ ಸಂಜೆ ಗಾಳಿ ಎದ್ದರೆ ಪೂಲಿನ ಮೇಲೆ ಒಂದು ಪದರ ಮಣ್ಣು ಕೂರುತ್ತದೆ. ಬೈಗ್ವನೈಡ್ ಅದನ್ನೆಲ್ಲ ಮುದ್ದೆ ಮಾಡಿ ಫಿಲ್ಟರಿಗೆ ಕಳಿಸುತ್ತದೆ. ಮರಳು ಜಿಗಟಾಗುತ್ತದೆ, ಗೇಜಿನಲ್ಲಿ ಒತ್ತಡ ಏರುತ್ತದೆ, ನೀರು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವ ಬ್ಯಾಕ್‌ವಾಶ್ ಮಾಡಿದರೂ ಇಳಿಯುವುದಿಲ್ಲ. ಎರಡನೇ ಬೇಸಿಗೆಯಲ್ಲಿ ಏಣಿಯ ಹಿಂದೆ, ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಒಳಗೆ ಗುಲಾಬಿ ಬಣ್ಣದ ಲೋಳೆ ಕಾಣಿಸಿತು. ಆಮೇಲೆ ಪೈಪಿನ ಬಾಯಿಂದ ಬಿಳಿ ಬಿಳಿ ಚಿಂದಿಯಂಥದ್ದು ತೇಲಿ ಬರತೊಡಗಿತು. ಅದು ನೀರಿನ ಬೂಷ್ಟು. ಬೈಗ್ವನೈಡ್ ಪೂಲುಗಳಲ್ಲಿ ಇವೆರಡೂ ಹೆಸರುವಾಸಿ ಕಾಟಗಳು. ಆ ಔಷಧಿಯನ್ನು ತಡೆದುಕೊಂಡು ಬದುಕುವ ಜೀವಿಗಳೇ ಕೊನೆಗೆ ಉಳಿದು ಬೆಳೆಯುತ್ತವೆ. ಔಷಧಿ ಮಾರಿದವರಿಗೆ ಫೋನ್ ಮಾಡಿದರೆ ಪ್ರತಿ ಸಲ ಒಂದೇ ಉತ್ತರ: ಇನ್ನೊಂದು ಕ್ಯಾನ್ ಹಾಕಿ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಆಗ. ವಯಸ್ಸಾದವರು ಇಳಿಯುವ ನೀರು ಅದು.

ಪೂಲ್ ಖಾಲಿ ಮಾಡಿ ಹೊಸ ನೀರು ತುಂಬಿ ಅಂತ ಬಹಳ ಜನ ಹೇಳಿದರು. ವಾರಕ್ಕೊಮ್ಮೆ ತೊಳೆಯಲು ಬರುವ ಹುಡುಗನೂ ಅದನ್ನೇ ಅಂದ. "ಅಕ್ಕಾರ, ನೀರು ಬಿಟ್ಟುಬಿಡ್ರಿ, ಒಂದೇ ದಿನದಾಗ ಮುಗೀತದ." ನಾನು ಒಪ್ಪಲಿಲ್ಲ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಏಳೆಂಟು ಬೇಕು. ಬೇಸಿಗೆ ಹೊಸ್ತಿಲಲ್ಲಿ, ಅಕ್ಕಪಕ್ಕದವರು ಕುಡಿಯುವ ನೀರಿಗೆ ಕಾಯುವಾಗ, ಅಷ್ಟು ನೀರನ್ನು ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮದು ಕರಿಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಒಳಗಿನ ನೀರು ಗೋಡೆಯನ್ನು ಹೊರಕ್ಕೆ ಒತ್ತುತ್ತಿರುತ್ತದೆ, ಹೊರಗಿನ ಮಣ್ಣು ಒಳಕ್ಕೆ. ಒಳಗಿನ ನೀರು ತೆಗೆದರೆ ಗೋಡೆಗೆ ಆಸರೆ ಇಲ್ಲ. ಕರಿಮಣ್ಣಿನ ಜಾಗದಲ್ಲಿ ಪೂಲ್ ಇರುವವರು ಇದನ್ನು ಯೋಚಿಸದೆ ಖಾಲಿ ಮಾಡಬೇಡಿ.

ಹಾಗಾಗಿ ಅದೇ ನೀರಲ್ಲಿ ಬದಲಾಯಿಸಿದೆವು. ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಶುರು ಮಾಡಿದ್ದು. ಅದಕ್ಕೂ ಕೆಲವು ವಾರ ಮೊದಲೇ ಬೈಗ್ವನೈಡ್ ಮತ್ತು ಪೆರಾಕ್ಸೈಡ್ ಹಾಕುವುದು ನಿಲ್ಲಿಸಿದ್ದೆವು. ಮಟ್ಟ ತಾನಾಗಿ ಇಳಿದಷ್ಟೂ ಮುಂದೆ ಕ್ಲೋರಿನ್ ಖರ್ಚು ಉಳಿಯುತ್ತದೆ. ಕ್ಲೋರಿನ್ ಮೊದಲು ಪೆರಾಕ್ಸೈಡ್ ಜೊತೆ ಸೇರಿ ಖರ್ಚಾಗುತ್ತದೆ, ಉಪ್ಪು, ನೀರು, ಆಕ್ಸಿಜನ್ ಆಗುತ್ತದೆ. ಆಮೇಲೆ ಪಿಎಚ್‌ಎಂಬಿ ಸರಪಳಿಯನ್ನು ಚೂರು ಚೂರಾಗಿ ಸುಡುತ್ತದೆ. ಎರಡೂ ಮುಗಿಯುವವರೆಗೆ ನೀರಲ್ಲಿ ಕ್ಲೋರಿನ್ ನಿಲ್ಲುವುದೇ ಇಲ್ಲ. ಹಾಕಿದ್ದೆಲ್ಲ ಎಲ್ಲಿ ಹೋಯಿತು ಅಂತ ಗಾಬರಿಯಾಗಬೇಡಿ.

ಲೆಕ್ಕ ಹೀಗಿದೆ. 10 ಪರ್ಸೆಂಟಿನ ಒಂದು ಲೀಟರ್ ಹೈಪೋದಲ್ಲಿ ಸುಮಾರು 100 ಗ್ರಾಂ ಕ್ಲೋರಿನ್. 37 ಸಾವಿರ ಲೀಟರ್ ನೀರಿಗೆ ಒಂದು ಪಿಪಿಎಂ ಏರಿಸಲು 37 ಗ್ರಾಂ, ಅಂದರೆ 370 ಮಿಲಿ ಹೈಪೋ. ನಾವು ಹಿಡಿದ ಮಟ್ಟ 15 ಪಿಪಿಎಂ. ಶುರುವಿಗೇ ಐದೂವರೆ ಲೀಟರ್ ಆಯಿತು. ಆಮೇಲೆ ಅಳೆದು, ಎಷ್ಟು ಇಳಿದಿದೆಯೋ ಅಷ್ಟು ಸೇರಿಸುವುದು. ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಅಳೆಯಬೇಕಾಯಿತು. ಹೆಚ್ಚಿನ ಕೆಲಸ ಸಂಜೆ ಮತ್ತು ರಾತ್ರಿ. ಹಗಲಲ್ಲಿ ನಮ್ಮ ಬಿಸಿಲು ರಕ್ಷಣೆ ಇಲ್ಲದ ಕ್ಲೋರಿನ್ನನ್ನು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿಸಿಬಿಡುತ್ತದೆ. ಶುರು ಮಾಡುವ ಮುನ್ನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಅನ್ನು 7.2 ಹತ್ತಿರ ತಂದುಕೊಳ್ಳಿ. ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಟೆಸ್ಟ್ ನಂಬುವಂತಿಲ್ಲ.

ಇಲ್ಲಿ ಕಿಟ್ಟಿನ ಮಾತು. ಸಾಮಾನ್ಯವಾಗಿ ಪೂಲ್ ಅಂಗಡಿಗಳಲ್ಲಿ ಕೊಡುವುದು ಬಣ್ಣ ಹೋಲಿಸಿ ನೋಡುವ ಚಿಕ್ಕ ಡಬ್ಬಿ. ಈ ಕೆಲಸಕ್ಕೆ ಅದು ಸಾಲದು. ಕ್ಲೋರಿನ್ ತೀರಾ ಜಾಸ್ತಿಯಾದರೆ ಡಿಪಿಡಿ ಅನ್ನುವ ಟೆಸ್ಟ್ ಔಷಧಿಯ ಗುಲಾಬಿ ಬಣ್ಣವೇ ಅಳಿಸಿಹೋಗಿ ಸೊನ್ನೆ ಅಂತ ತೋರಿಸಿಬಿಡುತ್ತದೆ. ನಾನು ತರಿಸಿದ್ದು ಟೇಲರ್ ಕಂಪನಿಯ ಕೆ-2006. 10 ಮಿಲಿ ನೀರಿಗೆ ಪುಡಿ ಹಾಕಿದರೆ ಗುಲಾಬಿ ಆಗುತ್ತದೆ, ಬಣ್ಣ ಹೋಗುವವರೆಗೆ ಕಿಟ್ಟಿನ ಇನ್ನೊಂದು ದ್ರವವನ್ನು ಹನಿ ಎಣಿಸಿ ಹಾಕಬೇಕು, ಒಂದು ಹನಿಗೆ ಅರ್ಧ ಪಿಪಿಎಂ. ಲ್ಯಾಬಿನಲ್ಲಿ ಮಕ್ಕಳಿಂದ ಮಾಡಿಸುವ ಟೈಟ್ರೇಶನ್ನೇ ಇದು. ಬೆಲೆ ಜಾಸ್ತಿ, ತರಿಸಲು ಹೊತ್ತು ಹಿಡಿಯುತ್ತದೆ. ಆದರೂ ಈ ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಬೆಲೆ ಬಾಳಿದ ವಸ್ತು ಇದೇ. ಪೂರ್ತಿ ಅಂಕ ಕೊಡುತ್ತೇನೆ.

ಹೈಪೋ ಊರಲ್ಲೇ ಸಿಗುತ್ತದೆ. ಆಸ್ಪತ್ರೆಗಳಿಗೆ, ನೀರಿನ ಪ್ಲಾಂಟುಗಳಿಗೆ ಕೊಡುವ ಕೆಮಿಕಲ್ ಅಂಗಡಿಯಲ್ಲಿ 35 ಲೀಟರಿನ ನೀಲಿ ಕ್ಯಾನ್ ಕೇಳಿ. ತಯಾರಾದ ತಾರೀಖು ನೋಡದೆ ತರಬೇಡಿ. ಹೈಪೋ ಶಾಖಕ್ಕೆ ಸಾಯುತ್ತದೆ. ನಮ್ಮ ಮೇ ತಿಂಗಳ 42-43 ಡಿಗ್ರಿಯಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಕ್ಯಾನು ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಒಮ್ಮೆ ಒಂದು ಅಂಗಡಿಯಿಂದ ಬಂದ ಕ್ಯಾನಿನಲ್ಲಿ, ಹಾಕಿದ ಅಳತೆಗೆ ಏರಬೇಕಾದ್ದರಲ್ಲಿ ಅರ್ಧವೂ ಏರಲಿಲ್ಲ. ಕಿಟ್ ಇದ್ದದ್ದಕ್ಕೆ ಗೊತ್ತಾಯಿತು, ಕ್ಯಾನ್ ವಾಪಸ್ ಮಾಡಿದೆವು. ಈಗ ಚಿಕ್ಕ ಚಿಕ್ಕ ಲೆಕ್ಕದಲ್ಲಿ ತರಿಸಿ, ಮೆಟ್ಟಿಲ ಕೆಳಗಿನ ತಂಪು ಕತ್ತಲಲ್ಲಿ ಇಡುತ್ತೇವೆ.

ಇನ್ನು ಬಣ್ಣ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಮೊದಲ ರಾತ್ರಿ ನೀರು ಹಳದಿ. ಬೆಳಿಗ್ಗೆ ಹಸಿರು ಮಿಶ್ರ ಕಂದು. ಮೇಲೆ ನೊರೆ. ತೊಳೆಯುವ ಹುಡುಗ ಗೇಟಿನಿಂದಲೇ ಕೂಗಿದ, "ಅಕ್ಕಾರ, ನೀರು ಚಹಾದಂಗ ಆಗ್ಯಾದ್ರಿ!" ಅತ್ತೆ ಬಂದು ನೋಡಿ, "ನಾ ಇದರಾಗ ಇನ್ನ ಇಳಿಯಾಂಗಿಲ್ಲ ಬಿಡವ್ವ" ಅಂದುಬಿಟ್ಟರು. ಅದು ಸುಡುತ್ತಿರುವ ಬೈಗ್ವನೈಡಿನ ಬಣ್ಣ. ಕಂದು ತಿಳಿಯಾಗಿ ಹಾಲಿನಂತೆ ಮಂಕಾಗುತ್ತದೆ, ಆಮೇಲೆ ನೀಲಿ ಹಣಕುತ್ತದೆ. ಆ ಹೊತ್ತಿಡೀ ಪಂಪು ನಿಲ್ಲಬಾರದು. ಕರೆಂಟ್ ಹೋದಾಗೆಲ್ಲ ನಮ್ಮ ಕೆಲಸ ಹಿಂದೆ ಬಿತ್ತು. ಒತ್ತಡ ಏರಿದಂತೆಲ್ಲ ಬ್ಯಾಕ್‌ವಾಶ್, ಗೋಡೆಗೆ ಬ್ರಷ್. ಏಣಿ ಬಿಚ್ಚಿ, ಲೈಟಿನ ಹಿಂದೆ, ಸ್ಕಿಮ್ಮರಿನ ಬಾಯೊಳಗೆ ಎಲ್ಲ ಉಜ್ಜಿದೆವು. ಲೋಳೆ ಅಡಗಿ ಕೂರುವುದೇ ಅಲ್ಲಿ.

ಮುಗಿಯಿತು ಅಂತ ತಿಳಿಯುವುದು ಹೇಗೆ? ಕಣ್ಣಿಗೆ ತಿಳಿಯಾದರೆ ಸಾಲದು. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಮತ್ತೆ ಅಳೆಯಿರಿ. ರಾತ್ರಿಯಲ್ಲಿ ಇಳಿದದ್ದು ಒಂದು ಪಿಪಿಎಂ ಒಳಗಿದ್ದು, ಕಂಬೈನ್ಡ್ ಕ್ಲೋರಿನ್ (ಕೊಳೆಯ ಜೊತೆ ಕೂಡಿಕೊಂಡ ಕ್ಲೋರಿನ್) ಅರ್ಧ ಪಿಪಿಎಂ ದಾಟದಿದ್ದರೆ ನೀರೊಳಗೆ ಸುಡಲು ಏನೂ ಉಳಿದಿಲ್ಲ. ಆಮೇಲೆ ಫಿಲ್ಟರಿನ ಮರಳು. ಹಳೆ ಮರಳನ್ನು ಹೊರಗೆ ಹಾಕಿದಾಗ ಗಟ್ಟಿ ಹೆಂಟೆಗಳೇ ಬಂದವು, ಮುಟ್ಟಿದರೆ ಅಂಟು. ಅದನ್ನು ಬಿಟ್ಟಿದ್ದರೆ ದಿನಾ ಹಾಕುವ ಕ್ಲೋರಿನ್ ಅದಕ್ಕೇ ಹೋಗುತ್ತಿತ್ತು. ಅತ್ತೆ ಹಿಡಿದುಕೊಳ್ಳುತ್ತಿದ್ದ ಫೋಮ್ ಕೋಲುಗಳನ್ನೂ ಬದಲಾಯಿಸಿದೆವು, ಅವೂ ಹಳೆ ಔಷಧಿ ಕುಡಿದಿರುತ್ತವೆ.

ಇಷ್ಟಾದ ಮೇಲೆಯೇ ಸ್ಟೆಬಿಲೈಸರ್, ಅಂದರೆ ಸಯನೂರಿಕ್ ಆ್ಯಸಿಡ್. ಬಿಸಿಲಿನಿಂದ ಕ್ಲೋರಿನ್ ಕಾಯುವುದು ಇದೇ. 40 ಪಿಪಿಎಂಗೆ ನಮಗೆ ಒಂದೂವರೆ ಕೆಜಿ ಬೇಕಾಯಿತು. ಹಳೆ ಕಾಲುಚೀಲದಲ್ಲಿ ಕಟ್ಟಿ, ನೀರು ಬರುವ ಬಾಯಿಯ ಮುಂದೆ ತೂಗುಬಿಟ್ಟರೆ ನಿಧಾನಕ್ಕೆ ಕರಗುತ್ತದೆ. ಈಗ ಕ್ಲೋರಿನ್ 3ರಿಂದ 5ರ ನಡುವೆ ಇಡುತ್ತೇವೆ. ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಒಂದು ಲೀಟರ್ ಆಸುಪಾಸು ಹೈಪೋ ಬೇಕು, ಚಳಿಗಾಲದಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಮೂರು ಔಷಧಿಗೆ ಆಗುತ್ತಿದ್ದ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಅತ್ತೆ ಮೊದಲ ದಿನ ಮೆಟ್ಟಿಲ ಮೇಲೆ ಕೂತು ಕಾಲಷ್ಟೇ ಇಳಿಬಿಟ್ಟರು. ಆಮೇಲೆ, "ವಾಸ್ನಿನೇ ಬರವಲ್ದಲ್ಲ" ಅಂದರು. ಇದು ತುಂಬಾ ಜನರಿಗೆ ತಿಳಿಯದ ವಿಷಯ, ಜೋರಾಗಿ ಹೇಳಬೇಕು. ಮೂಗಿಗೆ ಬಡಿಯುವ, ಕಣ್ಣು ಉರಿಸುವ ಆ ಪೂಲ್ ವಾಸನೆ ಹೆಚ್ಚಾಗಿ ಕ್ಲೋರಮೈನಿನದು. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಅದು ಆಗುತ್ತದೆ. ಅಲ್ಲಿ ಶುದ್ಧ ಮಾಡುವ ಕ್ಲೋರಿನ್ ಸಾಲದಾಗಿರುತ್ತದೆ. ಮೈ ತೊಳೆದು ಇಳಿದರೆ, ಮಟ್ಟ ಸರಿ ಇದ್ದರೆ, ಆ ವಾಸನೆ ಇರುವುದಿಲ್ಲ. ಅತ್ತೆ ಈಗ ದಿನಾ ಬೆಳಿಗ್ಗೆ ನಡೆಯುತ್ತಾರೆ.

ಹೈಪೋ ಬದಲು ಟಿಸಿಸಿಎ ಅನ್ನುವ ಗಟ್ಟಿ ಕ್ಲೋರಿನ್ ಬಿಲ್ಲೆ ಹಾಕಬಹುದಲ್ವಾ ಅಂತ ಕೇಳುತ್ತಾರೆ. ಊರಿಗೆ ಹೋಗುವಾಗ ಒಂದು ವಾರದ ಮಟ್ಟಿಗೆ ಸರಿ. ದಿನಾ ಬೇಡ. ಅದರಲ್ಲೇ ಸಯನೂರಿಕ್ ಆ್ಯಸಿಡ್ ಇದೆ, 10 ಪಿಪಿಎಂ ಕ್ಲೋರಿನ್ ಜೊತೆ 6 ಪಿಪಿಎಂ ಅದೂ ಸೇರುತ್ತಾ ಹೋಗುತ್ತದೆ. ಅದು ಜಾಸ್ತಿಯಾದಷ್ಟೂ ಕ್ಲೋರಿನ್ ಮಂದವಾಗುತ್ತದೆ, ಇಳಿಸಬೇಕೆಂದರೆ ನೀರನ್ನೇ ಬದಲಾಯಿಸಬೇಕು. ಬ್ಲೀಚಿಂಗ್ ಪೌಡರ್ ನಮ್ಮ ಗಡುಸು ಬೋರ್ ನೀರಿಗೆ ಇನ್ನಷ್ಟು ಸುಣ್ಣ ಸೇರಿಸುತ್ತದೆ, ತಳದಲ್ಲಿ ಗಸಿ ಬಿಡುತ್ತದೆ. ನನಗೆ ಬೇಡ.

ಹೈಪೋದ ಕೊರತೆಗಳೂ ಇವೆ. ದಿನಾ ಅಳೆಯಬೇಕು, ದಿನಾ ಹಾಕಬೇಕು. ಎರಡು ದಿನ ಮರೆತರೆ ಮೇ ತಿಂಗಳಲ್ಲಿ ಪಾಚಿ ಹಿಡಿಯುತ್ತದೆ. ಬಟ್ಟೆ ಮೇಲೆ ಸಿಡಿದರೆ ಕಲೆ ಹೋಗುವುದಿಲ್ಲ, ಕಣ್ಣಿಗೆ ಸಿಡಿದರಂತೂ ಅಪಾಯ, ಕನ್ನಡಕ ಮತ್ತು ಕೈಗವಸು ಹಾಕಿಕೊಂಡೇ ಸುರಿಯಿರಿ. ಪಿಎಚ್ ಇಳಿಸುವ ಆ್ಯಸಿಡ್ಡನ್ನು ಹೈಪೋ ಪಕ್ಕ ಇಡಲೇಬೇಡಿ. ಎರಡೂ ಸೇರಿದರೆ ಹೊರಡುವುದು ವಿಷದ ಕ್ಲೋರಿನ್ ಗಾಳಿ. ಬಿಲ್ಲೆಗಳ ಜೊತೆಗೂ ಹೈಪೋ ಬೆರೆಸಬಾರದು. ನಮ್ಮ ಮನೆಯಲ್ಲಿ ಆ್ಯಸಿಡ್ ಇರುವುದು ಹಿತ್ತಲಿನ ಇನ್ನೊಂದು ತುದಿಯಲ್ಲಿ, ಬೀಗದೊಳಗೆ.

ಸೂರಿನಡಿ ಪೂಲ್ ಇದ್ದು, ಇಬ್ಬರೇ ಇಳಿಯುವವರಿದ್ದು, ಬೈಗ್ವನೈಡ್ ಚೆನ್ನಾಗಿ ನಡೆಯುತ್ತಿದ್ದರೆ ಅವಸರ ಬೇಡ. ಬಯಲಲ್ಲಿದ್ದು ಗುಲಾಬಿ ಲೋಳೆ ಒಮ್ಮೆ ಕಂಡರೆ ಇನ್ನೊಂದು ಕ್ಯಾನಿಗೆ ದುಡ್ಡು ಹಾಕಬೇಡಿ. ಮೊದಲು ಕಿಟ್ ತರಿಸಿ, ಮರಳಿಗೆ ಹೇಳಿಡಿ, ಫೆಬ್ರುವರಿಯಲ್ಲೇ ಹಳೆ ಔಷಧಿ ನಿಲ್ಲಿಸಿ. ಹೈಪೋ ಮಾತ್ರ ಶುರು ಮಾಡುವ ವಾರವೇ ತನ್ನಿ.