ಎಎಂಎಸ್‌ಆರ್-2 ಮಂಜುಗಡ್ಡೆ ಡೇಟಾ: ಹಲವು ಚಳಿಗಾಲ ಬಳಸಿದ ಮೇಲೆ

ರೇಟಿಂಗ್: 5ಕ್ಕೆ 4

ಅಂಟಾರ್ಕ್ಟಿಕಾದ ಕರಾವಳಿಯಲ್ಲಿ ನಡುಚಳಿಗಾಲದಲ್ಲೂ ಅಲ್ಲಲ್ಲಿ ನೀರು ಬಾಯಿಬಿಟ್ಟುಕೊಂಡಿರುತ್ತದೆ. ಇವೇ ಪಾಲಿನ್ಯಾಗಳು. ಗಾಳಿ ಹೊಸ ಮಂಜುಗಡ್ಡೆಯನ್ನು ಆಚೆ ತಳ್ಳುತ್ತದೆ, ಅಲ್ಲಿ ಮತ್ತೆ ಗಡ್ಡೆ ಕಟ್ಟುತ್ತದೆ. ಹೀಗೆ ಒಟ್ಟು ಎಷ್ಟು ಗಡ್ಡೆ ತಯಾರಾಯಿತು ಅಂತ ಲೆಕ್ಕ ಹಾಕಲು ನಾನು ಬಳಸುವುದು ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯ ಕೊಡುವ, ಸಮುದ್ರದ ಎಷ್ಟು ಭಾಗ ಗಡ್ಡೆ ಮುಚ್ಚಿದೆ ಅಂತ ತೋರಿಸುವ ದಿನದ ನಕ್ಷೆಗಳನ್ನು. ಜಪಾನಿನ ಉಪಗ್ರಹದಲ್ಲಿರುವ ಎಎಂಎಸ್‌ಆರ್-2 ಎಂಬ ಮೈಕ್ರೋವೇವ್ ಮಾಪಕದ ಡೇಟಾದಿಂದ ಮಾಡಿದ್ದು, ಉಚಿತ.

ದೊಡ್ಡ ಅನುಕೂಲವೆಂದರೆ ಮೋಡ, ಕತ್ತಲು ಯಾವುದೂ ಅಡ್ಡಿಯಲ್ಲ. ಸೂರ್ಯನೇ ಕಾಣದ ಜೂನ್‌ನಲ್ಲೂ ದಿನಾ ನಕ್ಷೆ ಬರುತ್ತದೆ. ಗ್ರಿಡ್ (ನಕ್ಷೆಯ ಒಂದೊಂದು ಚೌಕ) 6.25 ಕಿ.ಮೀ. ಇದ್ದರೂ ಕೇಪ್ ಡಾರ್ನ್ಲಿಯ ಪಾಲಿನ್ಯಾ ಹಿಗ್ಗುವುದು, ಕುಗ್ಗುವುದು ಚೆನ್ನಾಗಿ ಕಾಣುತ್ತದೆ. ನಮ್ಮ ಭಾರತಿ ನೆಲೆ ಇರುವ ಪ್ರಿಡ್ಜ್ ಕೊಲ್ಲಿಯ ಪಶ್ಚಿಮಕ್ಕೇ ಈ ಜಾಗ. ಇಲ್ಲಿ ಗಡ್ಡೆ ಕಟ್ಟುವಾಗ ಹೊರಬೀಳುವ ಉಪ್ಪಿನಿಂದ ನೀರು ಭಾರವಾಗಿ ಸಾಗರದ ತಳಕ್ಕೆ ಇಳಿಯುತ್ತದೆ. ಈ ಲೆಕ್ಕಕ್ಕೆ ಇಷ್ಟು ಬೆಲೆ ಬಂದಿರುವುದೂ ಅದಕ್ಕೇ.

ಆದರೆ ಈ ನಕ್ಷೆ ಒಂದನ್ನೇ ನಂಬಿ ಟನ್ ಲೆಕ್ಕ ಹೇಳಬೇಡಿ. ತೆರೆದ ನೀರಿನಿಂದ ಚದರ ಮೀಟರಿಗೆ 300 ವಾಟ್ ಶಾಖ ಹೋಗುತ್ತಿದ್ದರೆ ದಿನಕ್ಕೆ ಹತ್ತಿರ ಹತ್ತಿರ 8ರಿಂದ 10 ಸೆಂ.ಮೀ. ಗಡ್ಡೆ ಕಟ್ಟುತ್ತದೆ. ಅದೇ ನೀರಿನ ಮೇಲೆ 15 ಸೆಂ.ಮೀ. ಪದರ ಕೂತರೆ ಶಾಖ ಹೋಗುವುದು ತುಂಬಾ ಕಡಿಮೆ. ನಕ್ಷೆಯೋ, ತೆಳು ಗಡ್ಡೆಯನ್ನು ಅರೆಬರೆ ನೀರು ಅಂತ ತೋರಿಸಿಬಿಡುತ್ತದೆ. ಹಾಗಾಗಿ ಸುಮಾರು 20 ಸೆಂ.ಮೀ.ವರೆಗಿನ ದಪ್ಪವನ್ನು ಮೈಕ್ರೋವೇವ್ ಧ್ರುವೀಕರಣದಿಂದ (ಅಡ್ಡ, ಲಂಬ ಅಲೆಗಳ ವ್ಯತ್ಯಾಸದಿಂದ) ಬೇರೆಯಾಗಿ ಅಂದಾಜು ಮಾಡಲೇಬೇಕು. ದಡಕ್ಕೆ ಅಂಟಿ ನಿಂತ ಗಡ್ಡೆಯೂ ಆ ಲೆಕ್ಕದಲ್ಲಿ ತೆಳು ಗಡ್ಡೆಯ ವೇಷ ಹಾಕುತ್ತದೆ. ಅದನ್ನು ಮೊದಲೇ ಮಾಸ್ಕ್ ಮಾಡಿ ತೆಗೆಯಿರಿ, ಇಲ್ಲದಿದ್ದರೆ ಸುಮ್ನೆ ಗಡ್ಡೆ ಜಾಸ್ತಿ ಆಗುತ್ತದೆ.

ಇನ್ನು ಗಾಳಿ. ಶಾಖದ ಲೆಕ್ಕಕ್ಕೆ ಅದೂ ಬೇಕು. ಅದನ್ನು ತೆಗೆದುಕೊಳ್ಳುವ ಇಆರ್‌ಎ5ರ (ಯುರೋಪಿನ ಹವಾಮಾನ ಮರುವಿಶ್ಲೇಷಣೆ ಡೇಟಾ) ಗ್ರಿಡ್ ಸುಮಾರು 31 ಕಿ.ಮೀ. ಹಿಮದ ಇಳಿಜಾರಿನಿಂದ ನುಗ್ಗುವ ಗಾಳಿಯ ಜೋರು ಅದರಲ್ಲಿ ಪೂರ್ತಿ ಸಿಗುವುದಿಲ್ಲ. ನನ್ನ ಮಟ್ಟಿಗೆ, ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಲು ಈ ಡೇಟಾ ಗಟ್ಟಿ. ಒಟ್ಟು ಘನ ಕಿ.ಮೀ. ಎಷ್ಟು ಅಂದರೆ ಸ್ವಲ್ಪ ತಡೆದು ಮಾತಾಡುತ್ತೇನೆ.

2010ರ ಫೆಬ್ರವರಿಯಲ್ಲಿ ಪೂರ್ವ ಅಂಟಾರ್ಕ್ಟಿಕಾದ ಮರ್ಟ್ಜ್ ಹಿಮನದಿಯ ನಾಲಿಗೆ (ಸಮುದ್ರದೊಳಗೆ ಚಾಚಿದ ಭಾಗ) ಮುರಿದ ಮೇಲೆ ಅಲ್ಲಿ ಗಡ್ಡೆ ತಯಾರಿ ತಗ್ಗಿತು. ಇಂಥದ್ದನ್ನು ನೋಡುವವರು ಒಂದು ವಿಷಯ ಗಮನಿಸಿ: ಇದರ ಹಿಂದಿನ ಮಾಪಕ ಎಎಂಎಸ್‌ಆರ್-ಇ ನಿಂತದ್ದು 2011ರ ಅಕ್ಟೋಬರ್‌ನಲ್ಲಿ, ಎಎಂಎಸ್‌ಆರ್-2 ಶುರುವಾದದ್ದು 2012ರ ಜುಲೈನಲ್ಲಿ. 2012ರ ಚಳಿಗಾಲ ಅರ್ಧ ಖಾಲಿ. ಆ ವರ್ಷದ ಮೊತ್ತವನ್ನು ಗ್ರಾಫ್‌ಗೆ ಸೇರಿಸಬೇಡಿ.